ಅರ್ಧ ಕಡ್ಡಿ ನೀರು

ಗಂಗೆಯನ್ನು ಭೂಮಿಗೆ ತರಲು ಭಗೀರಥನಿಗೆ ಎಷ್ಟು ಸಾವಿರ ವರ್ಷ ಹಿಡಿಯಿತು ಎಂಬುದರ ಬಗ್ಗೆ ಪುರಾಣ ಹೇಳುವವರಲ್ಲಿ ಒಮ್ಮತವಿಲ್ಲ. ಕೋದಂಡಪ್ಪನಿಗೆ ಎಷ್ಟು ಹೊತ್ತು ಬೇಕು ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ. ಒಂದು ಊದುಬತ್ತಿ. ಅದು ಹತ್ತಿದರೆ ನೀರು ಬರುತ್ತದೆ, ಆರಿದರೆ ನಿಲ್ಲುತ್ತದೆ. ರಾಬರ್ಟ್‌ಸನ್‌ಪೇಟೆ ಬಸ್ ನಿಲ್ದಾಣದ ಟೀ ಅಂಗಡಿಗಳಲ್ಲಿ ಈ ಕಥೆ ದಿನಕ್ಕೆ ಒಂದು ಗೇಣು ಬೆಳೆಯುತ್ತದೆ. ಅವನು ಗಂಗಮ್ಮನನ್ನು ಒಲಿಸಿಕೊಂಡಿದ್ದಾನಂತೆ. ಹೋದ ಆಷಾಢದಲ್ಲಿ ಗಾಳಿಗೆ ಕಡ್ಡಿ ಆರಿಹೋದಾಗ, ನಲ್ಲಿಯಿಂದ ಅರ್ಧ ಹೊರಬಂದಿದ್ದ ನೀರು ಹಾಗೇ ಹಿಂದಕ್ಕೆ ಸರಿದು, ಹೋಗುವಾಗ ಒಬ್ಬರ ಮನೆಯ ಬಿಂದಿಗೆಯಲ್ಲಿದ್ದದ್ದನ್ನೂ ಹೀರಿಕೊಂಡು ಹೋಯಿತಂತೆ. ಇದನ್ನು ಕಣ್ಣಾರೆ ಕಂಡವರು ಹನ್ನೊಂದು ಮಂದಿ ಇದ್ದಾರೆ. ಅವರಲ್ಲಿ ಒಂಬತ್ತು ಜನ ಆ ಊರಿಗೆ ಹೋಗಿಯೇ ಇಲ್ಲ.

ಊರು ಕ್ಯಾಸಂಬಳ್ಳಿಯಿಂದ ಮೂರು ಮೈಲಿ. ಹೆಸರು ಹೇಳುವುದಿಲ್ಲ. ಹೇಳಿದರೆ ಪಂಚಾಯಿತಿಯ ಅಂಕ ಇನ್ನಷ್ಟು ಕಡಿಮೆಯಾದೀತು, ಆ ಪಾಪ ನಮಗೆ ಬೇಡ.

ಕೋದಂಡಪ್ಪ ಆ ಊರಿನ ನೀರುಗಂಟಿ. ಬೆಳಗಿನ ಜಾವ ಎದ್ದು ಮೋಟಾರು ಹಾಕುವುದು, ಟ್ಯಾಂಕು ತುಂಬಿಸುವುದು, ಬೀದಿಬೀದಿಗೆ ವಾಲ್ವು ತಿರುಗಿಸಿ ನೀರು ಬಿಡುವುದು ಅವನ ಕೆಲಸ. ವಾಲ್ವು ತಿರುಗಿಸಿದ ಕೂಡಲೇ ಗುಂಡಿಯ ಪಕ್ಕದ ಕಲ್ಲಿನ ಸೀಳಿನಲ್ಲಿ ಒಂದು ಊದುಬತ್ತಿ ಸಿಕ್ಕಿಸಿ ಹಚ್ಚುತ್ತಾನೆ. ದೊಡ್ಡ ಬೀದಿಗೆ ಒಂದು ಕಡ್ಡಿ ನೀರು. ದೇವಸ್ಥಾನದ ಬೀದಿಗೆ ಮುಕ್ಕಾಲು ಕಡ್ಡಿ. ಊರ ತುದಿಯಲ್ಲಿ ಗುಟ್ಟೆ ಎಂದು ಕರೆಯುವ ದಿಣ್ಣೆಯ ಮೇಲಿರುವ ಹದಿನಾಲ್ಕು ಮನೆಗಳಿಗೆ ಅರ್ಧ ಕಡ್ಡಿ. ಅರ್ಧ ಎಲ್ಲಿಗೆ ಎಂಬುದಕ್ಕೆ ಹೆಬ್ಬೆರಳಿನ ಉಗುರಿನಿಂದ ಕಡ್ಡಿಯ ನಡುವೆ ಒಂದು ಗೀರು ಎಳೆದಿರುತ್ತಾನೆ. ಬೆಂಕಿ ಗೀರು ಮುಟ್ಟಿತೋ, ವಾಲ್ವು ಬಂದ್. ಗುಟ್ಟೆಯ ಸರದಿ ಬರುವ ಹೊತ್ತಿಗೆ ಟ್ಯಾಂಕಿನಲ್ಲಿ ಉಳಿಯುವುದೇ ಅಷ್ಟು.

ಈ ವಿದ್ಯೆ ಬಂದದ್ದು ದೇವರಿಂದಲ್ಲ, ಗಣಿಯಿಂದ. ಚಿಕ್ಕ ವಯಸ್ಸಿನಲ್ಲಿ ಕೋದಂಡಪ್ಪ ಕೆಜಿಎಫ್ ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ, ಕೂಲಿಗಳ ಲೈನ್ ಮನೆಯೊಂದರಲ್ಲಿ ನಾಲ್ಕು ಜನರ ಜೊತೆ ಇದ್ದುಕೊಂಡು ಗಣಿಯೊಳಗಿನ ಪಂಪಿನ ಹತ್ತಿರ ಕೂಲಿ ಮಾಡುತ್ತಿದ್ದ. ನೆಲದೊಳಗಿನ ನೀರನ್ನು ಮೇಲಕ್ಕೆ ಎಸೆಯುವುದು ಆಗಿನ ಕೆಲಸ. ಅಲ್ಲಿ ಮದ್ದು ಸಿಡಿಸುತ್ತಿದ್ದ ಕುಪ್ಪುಸ್ವಾಮಿ ಎಂಬ ಮೇಸ್ತ್ರಿ ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ. ಇಷ್ಟು ಗೇಣು ಬತ್ತಿ ಉರಿದರೆ ಇಷ್ಟು ಹೊತ್ತು, ಅಷ್ಟರೊಳಗೆ ಇಷ್ಟು ದೂರ ಓಡಬೇಕು ಎಂಬುದೇ ಅವನ ಪಂಚಾಂಗ. "ಗಡಿಯಾರಂ ಪೊಯ್ ಸೊಲ್ಲುಂ ಡಾ, ತಿರಿ ಸೊಲ್ಲಾದು" ಎನ್ನುತ್ತಿದ್ದ. ಗಡಿಯಾರ ಸುಳ್ಳು ಹೇಳುತ್ತದೆ, ಬತ್ತಿ ಹೇಳುವುದಿಲ್ಲ. ಬತ್ತಿಯನ್ನು ನಂಬಿದ ಕುಪ್ಪುಸ್ವಾಮಿ ಹತ್ತೂ ಬೆರಳು ಉಳಿಸಿಕೊಂಡು ನಿವೃತ್ತನಾದ. ಕೋದಂಡಪ್ಪನಿಗೆ ಅಷ್ಟು ಪುರಾವೆ ಸಾಕಾಯಿತು.

ಎರಡು ಸಾವಿರದ ಒಂದರಲ್ಲಿ ಗಣಿ ಮುಚ್ಚಿತು. ಪಂಪು ನಿಂತಿತು, ಎಸೆಯುತ್ತಿದ್ದ ನೀರೆಲ್ಲ ವಾಪಸು ಬಂದು ಸುರಂಗದಲ್ಲಿ ಕೂತಿತು. ಇಡೀ ಕೆಜಿಎಫ್ ಎದೆ ಬಡಿದುಕೊಳ್ಳುತ್ತಿದ್ದ ಆ ದಿನ ಕೋದಂಡಪ್ಪ ಟಿಫನ್ ಕ್ಯಾರಿಯರ್ ಹಿಡಿದು ಊರಿಗೆ ಬಂದು, ಹೆಂಡತಿ ಮುನಿಲಕ್ಷ್ಮಿಯನ್ನು ಕೇಳಿದ ಮೊದಲ ಮಾತು, "ಏನ್ ಸಾರು?" ಹುರುಳಿ ಸಾರು. ಉಂಡು ಮಲಗಿದ. ಮಾರನೆಯ ವರ್ಷ ಪಂಚಾಯಿತಿಯವರು ನೀರುಗಂಟಿಯಾಗುತ್ತೀಯಾ ಎಂದರು. "ಸರಿ" ಎಂದ. ಮಗಳು ಹುಟ್ಟಿದಾಗಲೂ "ಸರಿ" ಎಂದಿದ್ದನಂತೆ; ಅವಳನ್ನು ಮಾಲೂರಿಗೆ ಮದುವೆ ಮಾಡಿ ಕಳಿಸಿದಾಗ ಬಸ್ಸು ಹೊರಟ ಮೇಲೆ, ಯಾರೂ ಏನೂ ಕೇಳದಿದ್ದರೂ ಇನ್ನೊಂದು ಸಲ. ಅವನು ನಕ್ಕದ್ದನ್ನು ಕಂಡವರಿಲ್ಲ, ಅತ್ತದ್ದನ್ನೂ ಕಂಡವರಿಲ್ಲ. ಊರಿನ ನಲ್ಲಿಗಳಿಗೆಲ್ಲ ಅವನು ವಾಲ್ವು ತೆರೆಯುತ್ತಾನೆ, ಅವನದು ಮಾತ್ರ ಎಲ್ಲೋ ತುಕ್ಕು ಹಿಡಿದು ಕೂತಿದೆ ಎನ್ನುತ್ತಾಳೆ ಮುನಿಲಕ್ಷ್ಮಿ.

ಆದರೆ ಕಡ್ಡಿಯ ವ್ಯವಸ್ಥೆ ಬಲು ಚೆನ್ನಾಗಿ ನಡೆಯಿತು. ಗಡಿಯಾರ ಕಟ್ಟಿದವನಿಗೆ ಮಾತ್ರ ಕಾಣುತ್ತದೆ. ಕಡ್ಡಿ ಬೀದಿಗೆಲ್ಲ ಕಾಣುತ್ತದೆ. ಹೊಗೆ ಏಳುತ್ತಿರುವಷ್ಟು ಹೊತ್ತು ಬಿಂದಿಗೆ ಇಡಬಹುದು. ಹಾಗೆಂದು ಭ್ರಷ್ಟಾಚಾರ ಇರಲಿಲ್ಲವೆಂದಲ್ಲ. ದೊಡ್ಡ ಬೀದಿಯ ಹೆಂಗಸರು ದೇವರ ಹೆಸರು ಹೇಳಿ ಅವನ ಕೈಗೆ ಬೆರಳು ದಪ್ಪದ, ನಿಧಾನವಾಗಿ ಉರಿಯುವ ಮಸಾಲೆ ಊದುಬತ್ತಿ ಇಡುತ್ತಿದ್ದರು. ಕೊಟ್ಟದ್ದನ್ನು ಅವನು ಹಚ್ಚುತ್ತಿದ್ದ. ಗುಟ್ಟೆಯವರು ಕೊಡುತ್ತಿರಲಿಲ್ಲ, ಅವರಿಗೆ ಅಂಗಡಿಯ ಮಾಮೂಲಿ ಸಣ್ಣ ಕಡ್ಡಿಯೇ. ಆಷಾಢದ ಗಾಳಿಯಲ್ಲಿ ಕಡ್ಡಿ ಬೇಗ ಉರಿದುಹೋದರೆ ಜಗಳ. "ಯಣ್ಣೋ, ಗಾಳಿ ಕುಡಿದಿದ್ದನ್ನ ನಮ್ ಲೆಕ್ಕಕ್ಕೆ ಯಾಕಾಕ್ತೀಯಾ?" ಎಂದು ಹೆಂಗಸರು ಬಂದು ಕಡ್ಡಿಯ ಸುತ್ತ ಸೀರೆಯ ಗೋಡೆ ಕಟ್ಟಿ ನಿಲ್ಲುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು.

ಇಪ್ಪತ್ತೆರಡನೆಯ ವರ್ಷದಲ್ಲಿ ಅಳೆಯುವವರು ಬಂದರು.

ಪಂಚಾಯಿತಿಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿವೆ ಎಂದು ಅಳೆದು, ಅಂಕ ಹಾಕಿ, ಒಂದರಿಂದ ಕೊನೆಯವರೆಗೆ ಸಾಲಾಗಿ ನಿಲ್ಲಿಸುವ ಯೋಜನೆಯೊಂದು ಮೇಲಿನಿಂದ ಇಳಿದಿತ್ತು. ಪಂಚಾಯಿತಿಯ ಪಿಡಿಒ ನಾಗೇಶ್ ಇದನ್ನು ಕುರುಕ್ಷೇತ್ರವೆಂದೇ ತಿಳಿದ. ರಸ್ತೆ, ಚರಂಡಿ, ಬೀದಿದೀಪಗಳಲ್ಲಿ ಅಂಕ ಕೂಡಿಹಾಕಿದ್ದ. ಬೀದಿದೀಪ ಹಗಲೂ ಉರಿಯುತ್ತಿದ್ದುದರಿಂದ ಅದರಲ್ಲಿ ಪೂರ್ತಿ ಅಂಕ. ಉಳಿದದ್ದು ನೀರು. ತಲೆಗೆ ದಿನಕ್ಕೆ ಐವತ್ತೈದು ಲೀಟರು ಸಿಗಬೇಕು, ಅದೂ ಊರಿನ ತೀರಾ ತುದಿಯ ಬೀದಿಯಲ್ಲಿ ಅಳೆದಾಗ. ಸಿಕ್ಕರೆ ಪಂಚಾಯಿತಿಗೆ ಫಲಕ, ನಾಗೇಶ್ ಹೆಗಲಿಗೆ ಶಾಲು. ಸಿಗದಿದ್ದರೆ ಆ ಬೀದಿ ಕೊರತೆಯ ಪಟ್ಟಿಗೆ ಸೇರಿ, ಅಲ್ಲಿಗೆ ಪ್ರತ್ಯೇಕ ಬೋರು, ಪ್ರತ್ಯೇಕ ಟ್ಯಾಂಕು. ಅಂದರೆ ನಾಗೇಶ್ ಗೆದ್ದರೆ ಗುಟ್ಟೆ ಸೋಲಬೇಕು, ಗುಟ್ಟೆ ಗೆದ್ದರೆ ನಾಗೇಶ್. ಒಂದೇ ಸಂಖ್ಯೆಗೆ ಇಬ್ಬರು ಗಂಡಂದಿರು.

ನಾಗೇಶ್ ಕೋದಂಡಪ್ಪನನ್ನು ಆಫೀಸಿಗೆ ಕರೆಸಿ, ಬಾಗಿಲು ಹಾಕಿ, ಮೇಜಿನ ಮೇಲೆ ಒಂದು ಫೈಲು ಇಟ್ಟ. ಇಪ್ಪತ್ತೆರಡು ವರ್ಷದಿಂದ ತಾತ್ಕಾಲಿಕನಾಗಿದ್ದ ನೀರುಗಂಟಿಯನ್ನು ಕಾಯಂ ಮಾಡಲು ಕೋರುವ ಫೈಲು. ಅದಕ್ಕೆ ಬೇಕಿದ್ದುದು ನಾಗೇಶನ ಒಂದು ಸಹಿ.

"ಗುಟ್ಟೆ ಪಾಸಾದ್ರೆ ಅವತ್ತು ಸಾಯಂಕಾಲವೇ ಸೈನ್ ಹಾಕ್ತೀನಿ, ಕೋದಂಡಪ್ಪ. ಮಂಗಳವಾರ ಅಳೆಯೋರು ಬಂದಾಗ ಬೇರೆ ಎಲ್ಲಾ ವಾಲ್ವ್ ಬಂದ್ ಮಾಡಿ ಗುಟ್ಟೆಗೆ ಮಾತ್ರ ಬಿಡು. ರಭಸವಾಗಿ ಬರುತ್ತೆ."

"ಸರಿ ಸಾ."

"ಇನ್ನೊಂದು. ಎಷ್ಟು ಹೊತ್ತು ಬಿಡ್ತೀಯ ಅಂತ ಕೇಳ್ತಾರೆ. ನೀರುಗಂಟಿ ಬಾಯಿಂದಲೇ ಬರಬೇಕಂತೆ, ಪಿಡಿಒ ಹೇಳಿದ್ರೆ ಒಪ್ಪಲ್ಲ. ಏನ್ ಹೇಳ್ತೀಯ?"

"ಅರ್ಧ ಕಡ್ಡಿ."

ನಾಗೇಶ್ ಹಣೆ ಒತ್ತಿಕೊಂಡ. ನಿಮಿಷದಲ್ಲಿ ಹೇಳು ಎಂದ. ನಿಮಿಷ ಗೊತ್ತಿಲ್ಲ ಎಂದ ಕೋದಂಡಪ್ಪ. ಗುಟ್ಟೆಗೆ ಮಾತ್ರ ಬಿಟ್ಟರೆ ನಿಮಿಷಕ್ಕೆ ಆರು ಲೀಟರು, ಮನೆಗೆ ಐದು ತಲೆ ಎಂದು ಮೊದಲೇ ಲೆಕ್ಕ ಹಾಕಿದ್ದ ನಾಗೇಶ್, ನಲವತ್ತಾರು ಅಂತ ಹೇಳಿಬಿಡು ಎಂದ. ನಲವತ್ತಾರು ಎಂದು ಬಾಯಿಪಾಠ ಮಾಡಿಸಿದ. ಬಾಗಿಲವರೆಗೆ ಹೋಗಿ ತಿರುಗಿದ ಕೋದಂಡಪ್ಪ ಕೇಳಿದ, "ಎಷ್ಟ್ ಸಾ ಅದು?"

ಬುದ್ಧಿವಂತನಾದ ನಾಗೇಶ್ ದಾರಿ ಬದಲಿಸಿದ. ಮನುಷ್ಯನನ್ನು ತಿದ್ದಲು ಆಗದಿದ್ದರೆ ಕಡ್ಡಿಯನ್ನು ತಿದ್ದಬೇಕು. ಬಂಗಾರಪೇಟೆಯ ಅಂಗಡಿಗಳಲ್ಲೆಲ್ಲ ತಿರುಗಿ ನಾಲ್ಕು ಬಗೆಯ ಊದುಬತ್ತಿ ತಂದು, ಮನೆಯ ದೇವರ ಕೋಣೆಯಲ್ಲಿ ಒಂದೊಂದನ್ನೂ ಹಚ್ಚಿ ಮೊಬೈಲು ಹಿಡಿದು ಕೂತ. ಗಂಡನಿಗೆ ಕೊನೆಗೂ ಭಕ್ತಿ ಬಂತೆಂದು ಹೆಂಡತಿ ಕಣ್ಣೊರೆಸಿಕೊಂಡಳು. ಮೂರನೆಯ ಬಗೆಯ ದಪ್ಪ ಕಡ್ಡಿ ಅರ್ಧ ಉರಿಯಲು ನಲವತ್ತಾರು ನಿಮಿಷ. ನಾಗೇಶ್ "ಸಿಕ್ತು!" ಎಂದು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು. ಆ ಕಡ್ಡಿಯನ್ನು ಸೋಮವಾರ ಕೋದಂಡಪ್ಪನ ಅಂಗಿಯ ಜೇಬಿಗೆ ತಾನೇ ಇಟ್ಟ.

ಸೋಮವಾರ ಸಂಜೆ ಗುಟ್ಟೆಯ ವೆಂಕಟರತ್ನಮ್ಮ ಅವನ ಮನೆಯ ಜಗಲಿಗೆ ಬಂದಳು. ಅರವತ್ತೈದರ ಹೆಂಗಸು. ಮನೆಯಲ್ಲಿ ಐದು ತಲೆ. ಅರ್ಧ ಕಡ್ಡಿಯ ನೀರು ಸಾಲದೆ ದಿನಾ ಸಂಜೆ ಗುಟ್ಟೆ ಇಳಿದು, ಯಾರದೋ ತೋಟದ ಪಂಪಿನ ಹತ್ತಿರ ಬಿಂದಿಗೆ ತುಂಬಿಸಿಕೊಂಡು, ಒಂದು ಮಂಡಿ ಹಿಡಿದುಕೊಂಡು ಮತ್ತೆ ಹತ್ತುತ್ತಿದ್ದಳು. ಇಳಿಯುವಾಗ ಎಡ ಮಂಡಿ, ಹತ್ತುವಾಗ ಬಲ ಮಂಡಿ.

"ಲೇ ಕೋದಂಡ, ನಾಳೆ ಅಳ್ಯೋರು ಬತ್ತಾರಂತೆ. ನಮ್ಗೆ ಕಮ್ಮಿ ಅಂತ ಬರಸ್ಬಿಡಪ್ಪ. ಟ್ಯಾಂಕು ಬತ್ತೈತೆ."

"ಸರಿಯಕ್ಕ."

ಒಳಗಿನಿಂದ ಮುನಿಲಕ್ಷ್ಮಿ ಮುದ್ದೆ ಕೋಲು ಹಿಡಿದುಕೊಂಡೇ ಬಂದಳು. "ಏನ್ ಸರಿ? ಆ ಸಾರ್‌ಗೂ ಸರಿ, ಈಯಮ್ಮಂಗೂ ಸರಿ! ನಿನ್ ಬಾಯಾಗೆ ಇನ್ನೊಂದ್ ಮಾತು ಉಟ್ಟೋದೇ ಇಲ್ವಾ? ಇಪ್ಪತ್ತೆರಡು ವರ್ಷ ಆ ಗುಂಡೀಲಿ ಬಗ್ಗಿ ಸೊಂಟ ಮುರಕಂಡಿದೀಯ. ಒಂದ್ ಸೈನು, ಅಷ್ಟೇ."

"ಒಂದ್ ಟ್ಯಾಂಕು, ಅಷ್ಟೇ" ಎಂದಳು ವೆಂಕಟರತ್ನಮ್ಮ.

"ನಿಮ್ ಟ್ಯಾಂಕಿಗೆ ನನ್ ಗಂಡನೇ ಕಂಬ ಆಗ್ಬೇಕೇನಕ್ಕ?"

ಇಬ್ಬರೂ ಕೋದಂಡಪ್ಪನ ಕಡೆ ನೋಡಿದರು. ಅವನು ಬೀದಿಯ ಕಡೆ ನೋಡುತ್ತಿದ್ದ. ಅಲ್ಲಿ ಒಂದು ಕೋಳಿ ಹೋಗುತ್ತಿತ್ತು.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಬರಬೇಕಿದ್ದ ಅಳೆಯುವವರು ಮಧ್ಯಾಹ್ನ ಹನ್ನೆರಡೂವರೆಗೆ ಬಂದರು. ಬಂದವಳು ಒಬ್ಬಳೇ, ಅರ್ಚನ, ಬಂಗಾರಪೇಟೆಯ ಹುಡುಗಿ. ಸ್ಕೂಟಿ, ಬೆನ್ನಿಗೆ ಚೀಲ, ಕೈಯಲ್ಲಿ ಟ್ಯಾಬ್, ಮತ್ತು ಲೀಟರಿನ ಗೀರುಗಳಿದ್ದ ಒಂದು ನೀಲಿ ಬಕೆಟ್ಟು. ಬೆಳಗಿನಿಂದ ಎರಡು ಊರು ಮುಗಿಸಿದ್ದಳು, ಇನ್ನೂ ಒಂದು ಬಾಕಿ. ಅವಳ ಮುಖದಲ್ಲಿ ಯಾವ ಪಂಚಾಯಿತಿಯ ಮೇಲೂ ದ್ವೇಷವಿರಲಿಲ್ಲ, ಪ್ರೀತಿಯೂ ಇರಲಿಲ್ಲ.

ಟ್ಯಾಬು ಗುಟ್ಟೆಯ ಹದಿನಾಲ್ಕು ಮನೆಗಳಲ್ಲಿ ತಾನೇ ಒಂದನ್ನು ಆರಿಸಿತು. ವೆಂಕಟರತ್ನಮ್ಮನದು. ನಾಗೇಶ್ ಹೇಳಿದಂತೆ ಕೋದಂಡಪ್ಪ ಬೇರೆ ವಾಲ್ವೆಲ್ಲ ಬಂದ್ ಮಾಡಿದ್ದ. ನಲ್ಲಿ ತಿರುಗಿಸಿದರೆ ನೀರು ಹುಲಿಯಂತೆ ಹಾರಿತು. ಆ ನಲ್ಲಿ ಹುಟ್ಟಿದಾಗಿನಿಂದ ಅಂಥ ಸದ್ದು ಮಾಡಿರಲಿಲ್ಲ. ಹೆದರಿದ ವೆಂಕಟರತ್ನಮ್ಮನ ಮೊಮ್ಮಗಳು ಅಳತೊಡಗಿದಳು. ಹನ್ನೆರಡು ಲೀಟರಿನ ಬಕೆಟ್ಟು ಎರಡೇ ನಿಮಿಷಕ್ಕೆ ತುಂಬಿತು. ನಿಮಿಷಕ್ಕೆ ಆರು ಲೀಟರು ಎಂದು ಅರ್ಚನ ಬರೆದುಕೊಂಡಳು. ನಾಗೇಶ್ ಮನಸ್ಸಿನಲ್ಲೇ ಗುಣಿಸಿ, ಭಾಗಿಸಿ, ಐವತ್ತೈದು ದಾಟಿ, ಶಾಲು ಹೊದ್ದುಕೊಂಡ.

"ಅಂಕಲ್, ಈ ಬೀದಿಗೆ ದಿನಾ ಎಷ್ಟು ಹೊತ್ತು ಬಿಡ್ತೀರಾ?"

"ಅರ್ಧ ಕಡ್ಡಿ."

ಅರ್ಚನ ಟ್ಯಾಬು ನೋಡಿದಳು. ಅಲ್ಲಿ ಗಂಟೆ ಇತ್ತು, ನಿಮಿಷ ಇತ್ತು. ಕಡ್ಡಿ ಇರಲಿಲ್ಲ.

"ನಿಮಿಷದಲ್ಲಿ ಹೇಳಿ ಅಂಕಲ್, ಇಲ್ಲಾಂದ್ರೆ ಇದು ಮುಂದಕ್ಕೆ ಹೋಗಲ್ಲ."

ಕೋದಂಡಪ್ಪ ಯೋಚಿಸಿದ. ನಾಗೇಶ್ ಅವನ ಹಿಂದೆ ನಿಂತು ಕೆಮ್ಮಿದ. ಒಂದು ಕೆಮ್ಮಿಗೆ ನಲವತ್ತಾರು ಎಂದು ಅರ್ಥವಾಗುವ ಹಾಗೆ ಕೆಮ್ಮಲು ಮನುಷ್ಯರಿಗೆ ಸಾಧ್ಯವಿಲ್ಲ.

"ಅಚ್ಚಿ ನೋಡ್ಕಳಮ್ಮ" ಎಂದ ಕೋದಂಡಪ್ಪ.

ಅರ್ಚನ ಮೊಬೈಲು ತೆಗೆದಳು. "ಸರಿ, ಹಚ್ಚಿ. ದಿನಾ ಹಚ್ಚೋ ಕಡ್ಡಿನೇ ಇರ್ಲಿ."

ಗುಟ್ಟೆಯ ಹದಿನಾಲ್ಕು ಮನೆಯವರೂ ವಾಲ್ವಿನ ಗುಂಡಿಯ ಸುತ್ತ ಸೇರಿದರು. ಕೋದಂಡಪ್ಪನ ಜೇಬಿನಲ್ಲಿ ಎರಡು ಕಡ್ಡಿಗಳಿದ್ದವು. ಒಂದು ನಾಗೇಶ್ ಇಟ್ಟಿದ್ದ ದಪ್ಪನೆಯದು. ಇನ್ನೊಂದು ಗುಟ್ಟೆಗೆ ದಿನಾ ಹಚ್ಚುವ ಸಣ್ಣದು. ಎರಡನ್ನೂ ಹೊರಗೆ ತೆಗೆದು, ಒಂದೊಂದು ಕೈಯಲ್ಲಿ ಹಿಡಿದು ನಿಂತ. ರಾಮನ ಮುಂದೆ ಶಿವಧನುಸ್ಸು, ಅರ್ಜುನನ ಮುಂದೆ ಮತ್ಸ್ಯಯಂತ್ರ, ಕೋದಂಡಪ್ಪನ ಮುಂದೆ ಎರಡು ಊದುಬತ್ತಿ. ನಾಗೇಶನ ಕಣ್ಣು ದಪ್ಪ ಕಡ್ಡಿಯ ಮೇಲೆ, ವೆಂಕಟರತ್ನಮ್ಮನ ಕಣ್ಣು ಸಣ್ಣದರ ಮೇಲೆ. ಗುಂಪಿನ ಹಿಂದೆ ನಿಂತಿದ್ದ ಮುನಿಲಕ್ಷ್ಮಿಯ ಕಣ್ಣು ಗಂಡನ ಮೇಲೆ. ನಲವತ್ತು ಜನ ಉಸಿರು ಬಿಗಿಹಿಡಿದಿದ್ದರು. ಒಬ್ಬನೇ ಒಬ್ಬ ಆರಾಮವಾಗಿ ಉಸಿರಾಡುತ್ತಿದ್ದ. ಎರಡು ಕಡ್ಡಿಗಳನ್ನೂ ಒಂದು ಸಲ ನೋಡಿ, ದಪ್ಪದ್ದನ್ನು ಜೇಬಿಗೆ ವಾಪಸು ಇಟ್ಟು, ಸಣ್ಣದಕ್ಕೆ ಉಗುರಿನ ಗೀರು ಎಳೆದು, ಕಲ್ಲಿನ ಸೀಳಿಗೆ ಸಿಕ್ಕಿಸಿ ಬೆಂಕಿ ಗೀರಿದ.

ಆಮೇಲೆ ನಡೆದದ್ದನ್ನು ಯುದ್ಧ ಎನ್ನದೆ ಬೇರೆ ಏನೂ ಎನ್ನಲಾಗದು. ದಪ್ಪ ಕಡ್ಡಿ ಕೈಕೊಟ್ಟರೂ ಶಾಲಿನ ಆಸೆ ಬಿಡದ ನಾಗೇಶ್ ಗಾಳಿ ಬರುವ ದಿಕ್ಕಿಗೆ ಅಡ್ಡಲಾಗಿ ನಿಂತು ಅಂಗಿಯನ್ನು ಅಗಲಿಸಿದ. ಕಡ್ಡಿ ನಿಧಾನವಾಗಿ ಉರಿಯಲಿ ಎಂದು. ಆಷಾಢದಲ್ಲಿ ಸೀರೆಯ ಗೋಡೆ ಕಟ್ಟುತ್ತಿದ್ದ ಹೆಂಗಸರು ಅಂದು ಇಬ್ಭಾಗವಾಗಿ ಸರಿದು ಗಾಳಿಗೆ ರಾಜಬೀದಿ ಬಿಟ್ಟರು. ವೆಂಕಟರತ್ನಮ್ಮ ಕಡ್ಡಿಯ ಹತ್ತಿರವೇ ಕುಕ್ಕರಗಾಲಲ್ಲಿ ಕೂತು ಸೆರಗಿನಿಂದ ಬೀಸಿಕೊಳ್ಳತೊಡಗಿದಳು.

"ಏನಮ್ಮ ಇದು?" ಎಂದ ನಾಗೇಶ್.

"ಸೆಕೆ ಕಣಪ್ಪ. ನನ್ ಸೆರಗು, ನನ್ ಸೆಕೆ."

"ಕಡ್ಡಿಗೆ ಬೀಸ್ತಿದೀಯಾ ನೀನು!"

"ಕಡ್ಡಿಗೂ ಸೆಕೆ ಆಗಾಕಿಲ್ವಾ ಸಾಮಿ? ತಲೆಗೆ ಬೆಂಕಿ ಇಟ್ಕಂಡೈತೆ ಅದು."

ಅರ್ಚನ ಮುಂದೆ ಬಂದು ಇಬ್ಬರನ್ನೂ ಹತ್ತು ಹೆಜ್ಜೆ ದೂರ ಕಳಿಸಿ, ಬಕೆಟ್ಟನ್ನು ಮಗುಚಿ ಅದರ ಮೇಲೆ ಕೂತಳು. ಬೂದಿ ಬಾಗಿ, ಬಾಗಿ, ಬಿತ್ತು. ಬೆಂಕಿ ಗೀರು ಮುಟ್ಟಿತು. ಕೋದಂಡಪ್ಪ ಯಾರನ್ನೂ ಕೇಳದೆ ಬಗ್ಗಿ ವಾಲ್ವು ತಿರುಗಿಸಿದ. ಇಪ್ಪತ್ತೊಂದು ನಿಮಿಷ. ಇಪ್ಪತ್ತೊಂದನ್ನು ಆರರಿಂದ ಗುಣಿಸಿ ಐದು ತಲೆಗೆ ಹಂಚಿದ ಟ್ಯಾಬು, ತಲೆಗೆ ಇಪ್ಪತ್ತೈದು ಲೀಟರು ಎಂದು ಕೆಂಪು ಬಣ್ಣದಲ್ಲಿ ತೋರಿಸಿತು. ಹಾಗೆ ನೋಡಿದರೆ ಅದೂ ಸುಳ್ಳೇ. ಬೇರೆ ವಾಲ್ವುಗಳನ್ನು ತೆರೆದಿಟ್ಟು ಅಳೆದಿದ್ದರೆ ಎಂಟು ಬಂದರೆ ಹೆಚ್ಚು. ಆದರೆ ಕೆಂಪಿಗೆ ಇಪ್ಪತ್ತೈದೂ ಒಂದೇ, ಎಂಟೂ ಒಂದೇ. ಅರ್ಚನ ಬಕೆಟ್ಟು ಎತ್ತಿಕೊಂಡು ಮುಂದಿನ ಊರಿಗೆ ಹೋದಳು.

ಯಾರೂ ಜೈಕಾರ ಹಾಕಲಿಲ್ಲ. ಗುಟ್ಟೆಯವರಿಗೆ ಗೆದ್ದಾಗ ಏನು ಮಾಡಬೇಕೆಂದು ಅಭ್ಯಾಸವಿರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಮನೆಗಳಿಗೆ ಹೋದರು. ನಾಗೇಶ್ ಕೋದಂಡಪ್ಪನ ಜೇಬಿನಿಂದ ದಪ್ಪ ಕಡ್ಡಿಯನ್ನು ವಾಪಸು ತೆಗೆದುಕೊಂಡ. ಫೈಲು ಅಂದೇ ಸಂಜೆ ಬೀರುವಿನ ಕೆಳಗಿನ ಖಾನೆಗೆ, ಇಲಿ ಪಾಷಾಣದ ಡಬ್ಬಿಯ ಪಕ್ಕಕ್ಕೆ ಹೋಯಿತು. ಬೇರೆ ನೀರುಗಂಟಿಯನ್ನು ಇಟ್ಟುಕೊಳ್ಳುತ್ತೇನೆಂದು ವಾರವಿಡೀ ಗುಡುಗಿದ. ಬೆಳಗಿನ ನಾಲ್ಕಕ್ಕೆ ಏಳಲು ಊರಿನಲ್ಲಿ ಯಾರೂ ಒಪ್ಪದ್ದರಿಂದ ಕೋದಂಡಪ್ಪನೇ ಉಳಿದ. ತಾತ್ಕಾಲಿಕವಾಗಿ. ಮುನಿಲಕ್ಷ್ಮಿ ಗಂಡನ ಜೊತೆ ನಾಲ್ಕು ದಿನ ಮಾತು ಬಿಟ್ಟಳು. ಅದು ಅವನಿಗೆ ಗೊತ್ತಾಗಲಿಲ್ಲವೆಂದು ಐದನೆಯ ದಿನ ಇನ್ನಷ್ಟು ಸಿಟ್ಟಾಗಿ ತಾನೇ ಮಾತಾಡಿದಳು.

ಎರಡು ತಿಂಗಳಾದ ಮೇಲೆ ಪಟ್ಟಿ ಬಂತು. ಪಂಚಾಯಿತಿ ಕೊನೆಯಿಂದ ಎರಡನೆಯದು. ಕೊರತೆಯ ಪಟ್ಟಿಯಲ್ಲಿ ಗುಟ್ಟೆ ಮೂರನೆಯದು. ಒಂದು ದಿನ ಇಬ್ಬರು ಬಂದು, ಗುಟ್ಟೆಯ ತಲೆಯ ಮೇಲಿನ ಬಂಡೆಯೊಂದಕ್ಕೆ ಬಿಳಿ ಸುಣ್ಣದಲ್ಲಿ ಅಡ್ಡಗೀಟು ಉದ್ದಗೀಟು ಎಳೆದು, ಟ್ಯಾಂಕು ಇಲ್ಲೇ ಎಂದು ಹೇಳಿ ಹೋದರು. ಅಷ್ಟರಲ್ಲಿ ರಾಬರ್ಟ್‌ಸನ್‌ಪೇಟೆಯ ಟೀ ಅಂಗಡಿಗಳಲ್ಲಿ ಕೋದಂಡಪ್ಪ ಬಹಳ ದೂರ ಹೋಗಿದ್ದ. ಪಿಡಿಒ ಕೊಟ್ಟ ಚಿನ್ನದ ಕಡ್ಡಿಯನ್ನು ಅವನ ಮುಖಕ್ಕೇ ಎಸೆದನಂತೆ. ಬಡವರ ನೀರಿನ ಮುಂದೆ ಸರ್ಕಾರಿ ನೌಕರಿ ತೃಣ ಎಂದನಂತೆ.

ಸುಣ್ಣದ ಗೀಟು ಎಳೆದ ದಿನ ಸಂಜೆ ವೆಂಕಟರತ್ನಮ್ಮ ಗುಟ್ಟೆಯ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಅವನ ಜಗಲಿಗೆ ಬಂದಳು. ಕೋದಂಡಪ್ಪ ಕೂತಿದ್ದ. ಮುನಿಲಕ್ಷ್ಮಿ ಬಾಗಿಲಲ್ಲಿ ನಿಂತಳು. ಆ ಸಣ್ಣ ಕಡ್ಡಿಯ ವಿಷಯವನ್ನು ಅವಳೂ ಎರಡು ತಿಂಗಳಿಂದ ಕೇಳಬೇಕೆಂದಿದ್ದಳು.

ವೆಂಕಟರತ್ನಮ್ಮ ಎರಡೂ ಕೈ ಜೋಡಿಸಿದಳು. "ಲೇ ಕೋದಂಡ, ನೀನು ಸತ್ಯಅರಿಶ್ಚಂದ್ರ ಕಣಪ್ಪ. ನಮ್ಗೋಸ್ಕರ ಕಾಯಂ ಕೆಲ್ಸಾನೇ ಬಿಟ್ಟೆ. ಅಷ್ಟು ಜನದ ಮುಂದೆ, ಆ ಸಾರ್ ಎದುರ್ಗೇ, ಸಣ್ಣ ಕಡ್ಡಿ ಎತ್ಕಂಡ್ಯಲ್ಲ, ಆಗ ನಿನ್ ಮನ್ಸಲ್ಲಿ ಏನಿತ್ತಪ್ಪ?"

ಕೋದಂಡಪ್ಪ ನೆನಪು ಮಾಡಿಕೊಂಡ.

"ಒಟ್ಟೆ ಅಸೀತಿತ್ತಕ್ಕ" ಎಂದ. "ಬೆಳಗ್ಗೆಯಿಂದ ಏನೂ ತಿಂದಿರ್ಲಿಲ್ಲ. ದಪ್ಪದ್ದು ಅಚ್ಚಿದ್ರೆ ಇನ್ನೊಂದ್ ಅರ್ಧ ಕಡ್ಡಿ ಹೊತ್ತು ನಿಂತ್ಕಬೇಕಾಗಿತ್ತು."